ಆಸ್ಪತ್ರೆಯಲ್ಲಿ ಜೊತೆಗಾರನ ಸ್ಥಾನ

ನಾಗಪುರದ ಮೆಡಿಕಲ್ ಆಸ್ಪತ್ರೆಗಾಗಲಿ ಮೇಯೋ ಆಸ್ಪತ್ರೆಗಾಗಲಿ ಹೋಗಿ ಬಂದ ವಾಚಕರಿಗೆ, ರೋಗಿಗಳೊಡನೆ ಬಂದು ಬೀಡುಬಿಟ್ಟ ಬಂಧುಗಳ ದೃಶ್ಯ ಹೊಸದಲ್ಲ. ವಿದರ್ಭದ ಹಳ್ಳಿಗಳಿಂದಲೂ ಮಧ್ಯಪ್ರದೇಶ, ಛತ್ತೀಸಗಢಗಳಿಂದಲೂ ಇವರು ಬರುತ್ತಾರೆ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಔಷಧ ತರುವವರು, ರಕ್ತಪರೀಕ್ಷೆಯ ಚೀಟಿ ಹಿಡಿದು ಓಡುವವರು, ರಾತ್ರಿ ಮಂಚದ ಪಕ್ಕದಲ್ಲಿ ಚಾಪೆ ಹಾಸುವವರು ಇವರೇ. ವೈದ್ಯರು ಸುತ್ತು ಬರುವ ವೇಳೆಗೆ ಮೊದಲು ಹೊರಗೆ ಹೋಗಬೇಕಾದವರೂ ಸಾಮಾನ್ಯವಾಗಿ ಇವರೇ. ಶುಶ್ರೂಷೆಯ ಭಾರ ಹೊರುವವನಿಗೆ ಶುಶ್ರೂಷೆಯ ವಿಷಯ ತಿಳಿಸದಿರುವ ಈ ಪದ್ಧತಿ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಬದಲಾಯಿಸುವ ದಾರಿಯನ್ನು ಕನ್ನಡ ನಾಡಿನಲ್ಲಿಯೇ ತೋರಿಸಲಾಗಿದೆ. ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟರು ಕಟ್ಟಿದ ನಾರಾಯಣ ಹೃದಯಾಲಯಕ್ಕೆ 2012ರ ಸುಮಾರಿಗೆ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಬಂದರು. ಕಾತರದಿಂದ ಕಾದು ಕುಳಿತ ಬಂಧುಗಳ ಕಡೆಗೆ ಅವರ ಗಮನ ಹರಿಯಿತು. ಅದರಿಂದ ಹುಟ್ಟಿದ ‘ನೂರಾ ಹೆಲ್ತ್’ ಸಂಸ್ಥೆಯ ಕ್ರಮ ಬಹಳ ಸರಳ. ದಾದಿಯರೇ ವಾರ್ಡಿನಲ್ಲಿ ಬಂಧುಗಳನ್ನು ಕೂಡಿಸಿ, ಅವರ ಭಾಷೆಯಲ್ಲಿ, ಚಲಚ್ಚಿತ್ರದ ಸಹಾಯದಿಂದ ಪಾಠ ಹೇಳುತ್ತಾರೆ: ಕೈ ಹೇಗೆ ತೊಳೆಯಬೇಕು, ಹೊಲಿಗೆಯ ಗಾಯವನ್ನು ಹೇಗೆ ನೋಡಿಕೊಳ್ಳಬೇಕು, ಯಾವ ಲಕ್ಷಣ ಕಂಡೊಡನೆ ಮರಳಿ ಬರಬೇಕು. ಮುಂದೆ ಇದು ಕರ್ನಾಟಕ, ಪಂಜಾಬ, ಮಧ್ಯಪ್ರದೇಶ, ಮಹಾರಾಷ್ಟ್ರಗಳ ಸರಕಾರಿ ಆಸ್ಪತ್ರೆಗಳಿಗೂ, ಬಾಣಂತಿಯರ ವಾರ್ಡುಗಳಿಗೂ ಹಬ್ಬಿತು.

ಓದು ಬಾರದವರಿಗೆ ಇದೆಲ್ಲ ತಿಳಿದೀತೇ ಎಂದು ಕೇಳುವವರುಂಟು. ಅವರು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ದಂಪತಿಗಳು ಅಷ್ಟಿಷ್ಟು ಓದಿದ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದರು. ತಾಯಂದಿರಿಗೂ ಅಜ್ಜಿಯರಿಗೂ ತಿಳಿವಳಿಕೆ ಕೊಡಿಸಿದರು. ಅಂಥ 39 ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ ಶೇಕಡಾ 62ರಷ್ಟು ಇಳಿಯಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು.

ಇನ್ನು ನಮ್ಮವರ ವಿಚಾರ. ಕುಂದಾಪುರದಿಂದಲೋ ಕಾರ್ಕಳದಿಂದಲೋ ಬಂದ ಮಾಣಿಗೆ ಇಲ್ಲಿ ಮನೆಯವರೆಂದರೆ ಯಾರು? ಭಟ್ಟಿಯ ಮುಂದೆ ಜೊತೆಯಲ್ಲಿ ನಿಲ್ಲುವ ಅಡುಗೆಯವನೇ. ‘ನಾತೇವಾಯಿಕ’ ಯಾರು ಎಂದು ಕೇಳಿದಾಗ ಅವನು ಹೆದರಿ ಹಿಂದೆ ಸರಿಯುತ್ತಾನೆ. ಮೇಲಾಗಿ, ದೋಸೆಯ ಆರ್ಡರು ಹಿಡಿಯುವುದಕ್ಕೆ ಸಾಕಾಗುವ ಹಿಂದಿ, ಮಾತ್ರೆ ಊಟಕ್ಕೆ ಮುಂಚೆಯೋ ಅನಂತರವೋ ಎಂಬುದನ್ನು ವಿಚಾರಿಸುವುದಕ್ಕೆ ಸಾಲದು.

ಹೆದರುವ ಕಾರಣವಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನದನ್ನು ಜಾರಿಗೆ ತರುವಂತೆ ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ರಾಜ್ಯಗಳಿಗೆ ಬರೆಯಿತು. ರೋಗದ ಸ್ವರೂಪವನ್ನೂ ಚಿಕಿತ್ಸೆಯನ್ನೂ ತನಗೆ ತಿಳಿಯುವ ಭಾಷೆಯಲ್ಲಿ ಕೇಳಿ ತಿಳಿಯುವುದು, ಕಾಗದಪತ್ರಗಳ ನಕಲು ಪಡೆಯುವುದು ಅದರಲ್ಲಿ ಸೇರಿವೆ. ಸನದು ತಾನೇ ಕಾನೂನಲ್ಲವೆಂಬುದು ದಿಟ. ಕೇಳುವವನ ಕೈಗೆ ಅದೊಂದು ಆಧಾರ.

ಧಣಿಗಳಿಗೂ ಒಂದು ಮಾತು ಹೇಳಲೇಬೇಕು. ನಾವೂ ಗಲ್ಲೆಯ ಹಿಂದೆ ಕುಳಿತವರೇ. ಆಳು ಆಸ್ಪತ್ರೆ ಸೇರಿದರೆ ಯಾರಿಗೆ ಬಿಡುವಿದೆಯೋ ಅವರನ್ನು ಸರದಿಯ ಮೇಲೆ ಕಳಿಸುವುದು ನಮ್ಮ ರೂಢಿ. ಬೆಳಗ್ಗೆ ದಾದಿ ಹೇಳಿದ್ದನ್ನು ಕೇಳಿದವನು ಸಂಜೆ ಅಲ್ಲಿರುವುದಿಲ್ಲ. ಸಂಜೆ ಇದ್ದವನಿಗೆ ಏನೂ ತಿಳಿದಿರುವುದಿಲ್ಲ. ಒಬ್ಬನನ್ನೇ ಗೊತ್ತುಮಾಡಿ, ಸಂಬಳ ಕಡಿಯದೆ, ಬಿಡುಗಡೆಯ ದಿನದವರೆಗೆ ಅಲ್ಲಿ ಇರಗೊಡಬೇಕು. ಒಬ್ಬ ಮಲಗಿದರೆ ಇಬ್ಬರ ಕೆಲಸ ಹೋಯಿತೆಂದು ಗೊಣಗುವವರು, ಆರು ತಿಂಗಳು ನುಂಗಬೇಕಾದ ಕ್ಷಯದ ಔಷಧವನ್ನು ಎರಡು ತಿಂಗಳಿಗೆ ಬಿಟ್ಟವನು ಹೋಟೆಲಿಗೆ ಏನು ತರುತ್ತಾನೆಂಬುದನ್ನು ಯೋಚಿಸಲಿ.

ಜೊತೆಗಾರನಿಗೆ ಪಾಠ ಹೇಳಿದ ನೆಪದಲ್ಲಿ ಆಸ್ಪತ್ರೆಗಳು ದಾದಿಯರ ಸಂಖ್ಯೆಯನ್ನು ಕಡಿಮೆ ಮಾಡಲಾಗದು. ಸೂಜಿ, ಸಲೈನುಗಳ ಹೊಣೆ ಅವರದೇ. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿ ಬಂದಾಗ, ಕಚೇರಿಗಳಲ್ಲಿರುವ ನಮ್ಮ ಗುಮಾಸ್ತ ಬಂಧುಗಳು ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದನ್ನು ಕನ್ನಡದಲ್ಲಿ ಬರೆದುಕೊಟ್ಟಾರೆಂದು ನಂಬಿದ್ದೇವೆ. ಸಂಶಯ ಬಂದ ಶಬ್ದವನ್ನು ಊಹಿಸದೆ ವೈದ್ಯರನ್ನೇ ಕೇಳಿ ಬರೆಯಲಿ.