ಗಮನವೂ ಅಂತರ್ಜಲದಂತೆಯೇ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಧಾರಣೆ ಎಷ್ಟೆಂಬುದನ್ನು ಮುಳಬಾಗಿಲಿನ ರೈತ ಇಂದು ಹೊಲದಲ್ಲಿ ನಿಂತೇ ತಿಳಿಯಬಲ್ಲ. ಶ್ರೀನಿವಾಸಪುರದ ಮಾವು ಬೆಳೆಗಾರನಿಗೂ ಮೊಬೈಲ್‌ನಿಂದ ಇಂಥದೇ ಅನುಕೂಲವಿದೆ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧಾರಣೆ ನೋಡಲೆಂದು ಕೈಗೆತ್ತಿಕೊಂಡ ಫೋನನ್ನು ಗಂಟೆ ಕಳೆದರೂ ಕೆಳಗಿಡಲಾಗದಿದ್ದರೆ ಅದು ಬಳಕೆಯಲ್ಲ, ಗೀಳು.

ಇದನ್ನು ಮನೋದೌರ್ಬಲ್ಯವೆಂದು ಹಳಿಯುವುದು ಸುಲಭ. ಆದರೆ ಇದರ ಹಿಂದೆ ಅರ್ಥಶಾಸ್ತ್ರವೂ ಇದೆ. ಮಾಹಿತಿ ಹೆಚ್ಚಿದಷ್ಟೂ ಗಮನ ದುರ್ಲಭವಾಗುತ್ತದೆ ಎಂಬುದನ್ನು ಹರ್ಬರ್ಟ್ ಸೈಮನ್ 1971ರಲ್ಲೇ ಗುರುತಿಸಿದ್ದರು. ಸಾಮಾಜಿಕ ಜಾಲತಾಣಗಳು ನಮ್ಮಿಂದ ಶುಲ್ಕ ಕೇಳುವುದಿಲ್ಲ. ನಮ್ಮ ಗಮನವನ್ನೇ ಜಾಹೀರಾತುದಾರರಿಗೆ ಮಾರುತ್ತವೆ. ಕೊನೆಯೇ ಇಲ್ಲದ ಪುಟ, ತಾನಾಗಿ ಶುರುವಾಗುವ ವಿಡಿಯೊ ಇವೆಲ್ಲ ಆ ವ್ಯಾಪಾರದ ಉಪಕರಣಗಳು. ಈ ಗೀಳಿನ ಚಿಕಿತ್ಸೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭಿಸಬೇಕಾಯಿತು.

ಒಬ್ಬೊಬ್ಬರ ಸಂಯಮದಿಂದಲೇ ಇದಕ್ಕೆ ಪರಿಹಾರ ದೊರೆಯದು. ಕೋಲಾರ ಜಿಲ್ಲೆಗೆ ಈ ಪಾಠ ಹೊಸತಲ್ಲ. ಪಕ್ಕದವನು ಸಾವಿರ ಅಡಿ ಕೊರೆಯುತ್ತಿರುವಾಗ ತಾನೊಬ್ಬನೇ ನೀರನ್ನು ಮಿತವಾಗಿ ಬಳಸಿ ಅಂತರ್ಜಲ ಉಳಿಸಲು ಯಾರಿಂದಲೂ ಆಗಲಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಕೆರೆಗಳಿಗೆ ಹರಿಯಲಾರಂಭಿಸಿತು. ಆ ನೀರಿನ ಗುಣಮಟ್ಟದ ಪ್ರಶ್ನೆಗಳು ಬೇರೆ. ಆದರೆ ಸುತ್ತಲಿನ ಅಂತರ್ಜಲ ಏರಿದ್ದು ಸಾಮೂಹಿಕ ವ್ಯವಸ್ಥೆಯಿಂದ. ಗಮನದ ವಿಷಯವೂ ಹೀಗೆಯೇ. ಗೆಳೆಯರೆಲ್ಲ ವಾಟ್ಸ್‌ಆ್ಯಪ್‌ನಲ್ಲಿರುವಾಗ ಹೊರಗುಳಿದ ಹುಡುಗ ಒಂಟಿಯಾಗುತ್ತಾನೆ. ಎಲ್ಲರೂ ಒಟ್ಟಿಗೆ ಫೋನ್ ಕೆಳಗಿಟ್ಟರೆ ಯಾರಿಗೂ ನಷ್ಟವಿಲ್ಲ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ 2022ರಲ್ಲಿ ಇದನ್ನು ಆಚರಣೆಗೆ ತಂದಿತು. ಸಂಜೆ 7 ಗಂಟೆಗೆ ಸೈರನ್ ಕೂಗಿದೊಡನೆ ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಬಂದ್. ಹದಿನಾರು ತುಂಬದವರು ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು. ಆದರೆ ಮನೆಯೊಳಗಿನ ಸಂಜೆಯನ್ನು ಕಾನೂನು ಕಾಯಲಾರದು, ಊರು ಕಾಯಬಲ್ಲದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮಸಭೆಗಳು ಇಂಥ ನಿರ್ಣಯ ಕೈಗೊಳ್ಳಲು ಹೆಚ್ಚಿನ ವೆಚ್ಚವೇನೂ ಆಗದು. ಆದರೆ ತೆರವಾದ ಸಮಯವನ್ನು ತುಂಬದಿದ್ದರೆ ಗೀಳು ಮರಳುವುದು ನಿಶ್ಚಿತ. ಆ ವೇಳೆಯಲ್ಲಿ ಪಂಚಾಯಿತಿಯ ಅರಿವು ಕೇಂದ್ರ ತೆರೆದಿರಬೇಕು. ಶಾಲೆಯ ಅಂಗಳದಲ್ಲಿ ದೀಪವಿರಬೇಕು. ಮಾಸ್ತಿ, ಡಿವಿಜಿ ಅವರನ್ನು ಕೊಟ್ಟ ನೆಲದಲ್ಲಿ ಓದಿಗೇನೂ ಬರವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳಿಗೆ ನಿಯಮ ವಿಧಿಸುವ ಹಿರಿಯರು ಮೊದಲು ತಮ್ಮ ಫೋನನ್ನು ಕೆಳಗಿಡಬೇಕು.