ಹಣ ಮರಳುತ್ತದೆ, ಸುದ್ದಿ ತಲುಪುವುದಿಲ್ಲ

ಮನಿ ಆರ್ಡರ್ ಕಾಲದಲ್ಲಿ ವಿಳಾಸದಾರರು ಊರು ಬಿಟ್ಟಿದ್ದರೆ ಅಂಚೆಯಣ್ಣ ಹಾಗೆಂದು ಬರೆದು ಹಣ ವಾಪಸ್ ಕಳಿಸುತ್ತಿದ್ದ. 2019ರ ಡಿಸೆಂಬರ್‌ನಿಂದ ನೆಫ್ಟ್ ಹಗಲೂ ರಾತ್ರಿ, ಅರ್ಧ ಗಂಟೆಗೊಂದು ಬ್ಯಾಚ್‌ನಂತೆ ಓಡುತ್ತಿದೆ. ಆದರೆ ಮುಚ್ಚಿದ ಖಾತೆಗೆ ಹೋದ ಹಣ ಹಿಂದಿರುಗಿದಾಗ, ಅದು ಯಾರಿಗೆ ಸೇರಬೇಕಿತ್ತೋ ಅವರಿಗೆ ಎಷ್ಟೋ ಸಲ ವಿಷಯವೇ ಗೊತ್ತಾಗುವುದಿಲ್ಲ.

ಪುಣೆಯಲ್ಲಿ ಸಂಬಳ ಪಾವತಿಯ ಸಾಫ್ಟ್‌ವೇರ್ ಬರೆಯುವ ನನಗೆ ಇದು ದಿನನಿತ್ಯದ ವಿಷಯ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನೂ ಹತ್ತಿರದ್ದು. ಕೆಲಸ ಬದಲಾದಂತೆ ಸಂಬಳದ ಖಾತೆಯೂ ಬದಲಾಗುತ್ತದೆ. ಹಳೆಯದಕ್ಕೆ ಕನಿಷ್ಠ ಬ್ಯಾಲೆನ್ಸ್ ದಂಡ ಬೀಳುತ್ತದೆಂದು ಮುಚ್ಚಿಬಿಡುತ್ತೇವೆ. ಆಮೇಲೆ ಹಳೆಯ ಕಂಪನಿಯ ಅಂತಿಮ ಲೆಕ್ಕದ ಹಣ, ಆದಾಯ ತೆರಿಗೆ ರೀಫಂಡ್, ಷೇರಿನ ಡಿವಿಡೆಂಡ್ ಅದೇ ಖಾತೆಯನ್ನು ಹುಡುಕಿಕೊಂಡು ಹೋಗುತ್ತವೆ.

ಹಣಕ್ಕೇನೋ ನಿಯಮದ ಕಾವಲಿದೆ. ನೆಫ್ಟ್‌ನಲ್ಲಿ ಜಮಾ ಮಾಡಲಾಗದ ಮೊತ್ತವನ್ನು ಬ್ಯಾಚ್ ಮುಗಿದ 2 ಗಂಟೆಯೊಳಗೆ ಹಿಂದಿರುಗಿಸಬೇಕು. ತಡವಾದರೆ ರೆಪೊ ದರಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಸಂಬಳ, ಡಿವಿಡೆಂಡ್‌ಗಳನ್ನು ಒಟ್ಟಿಗೆ ಕಳಿಸುವ ನ್ಯಾಚ್ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಗಡುವು ವಹಿವಾಟಿನ ಮರುದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ದೂರಿಗೆ ಕಾಯದೆ. ಮರಳುವ ಪಾವತಿಗೆ ಕಾರಣದ ಸಂಕೇತವೂ ಅಂಟಿರುತ್ತದೆ. ನ್ಯಾಚ್‌ನಲ್ಲಿ 01 ಎಂದರೆ ಖಾತೆ ಮುಚ್ಚಿದೆ ಅಥವಾ ವರ್ಗವಾಗಿದೆ.

ಆ ಸಂಕೇತ ಕಳಿಸಿದವರ ಬ್ಯಾಂಕಿನ ತನಕ ಬರುತ್ತದೆ. ಎಡವಟ್ಟಾಗುವುದು ಅಲ್ಲಿಂದ ಮುಂದೆ. ಫೈಲ್ ಬ್ಯಾಂಕಿಗೆ ಹೋದ ಕೂಡಲೇ ಕೆಲವು ಸಾಫ್ಟ್‌ವೇರ್‌ಗಳು ‘ಪಾವತಿಯಾಗಿದೆ’ ಎಂದು ಬರೆದುಕೊಳ್ಳುತ್ತವೆ. ಸಾವಿರ ಸಾಲುಗಳಲ್ಲಿ ಮರಳಿದ ಒಂದು ಸಾಲು ಸಸ್ಪೆನ್ಸ್ ಖಾತೆಯಲ್ಲಿ ಕೂರುತ್ತದೆ. ಕೇಳಿದರೆ ‘ಹಾಕಿ ಆಗಿದೆ ಸರ್’ ಎಂಬ ಉತ್ತರ. ಅವರು ಸುಳ್ಳು ಹೇಳುತ್ತಿಲ್ಲ. ಪರದೆಯ ಮೇಲೆ ಇರುವುದೇ ಅದು.

ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಕಳಿಸಿದ್ದು ಬೇರೆ, ತಲುಪಿದ್ದು ಬೇರೆ ಎಂದು ಸಾಫ್ಟ್‌ವೇರ್ ಗುರುತಿಸಬೇಕು. ಮರಳಿದ ದಿನವೇ, ಮೊದಲಿನ ನಮೂದನ್ನು ಅಳಿಸದೆ ಎದುರು ನಮೂದು ಹಾಕಬೇಕು. ಆ ಖಾತೆಗೆ ಮುಂದಿನ ಪಾವತಿ ತಡೆದು, ಹಣ ಸೇರಬೇಕಾದವರಿಗೆ ಕಾರಣ ತಿಳಿಸಬೇಕು. ಹೊಸ ಖಾತೆ ಸಂಖ್ಯೆಯನ್ನು ಮಾತ್ರ ಬರೀ ಇಮೇಲ್ ನಂಬಿ ಬದಲಿಸಬಾರದು. ವಂಚಕರು ಕಾಯುವುದು ಇಂಥ ಹೊತ್ತಿಗೇ. ಮೊದಲೇ ದಾಖಲಾದ ಫೋನ್ ನಂಬರಿಗೆ ಕರೆ ಮಾಡಿ ಕೇಳಬೇಕು.

ಬ್ಯಾಂಕುಗಳ ಪಾಲೂ ಇದೆ. ಖಾತೆ ಮುಚ್ಚಿದ ಗ್ರಾಹಕರ ಮೊಬೈಲ್ ನಂಬರ್ ಅವರ ದಾಖಲೆಯಲ್ಲಿರುತ್ತದೆ. ‘ನಿಮ್ಮ ಮುಚ್ಚಿದ ಖಾತೆಗೆ ಇಂಥವರಿಂದ ಬಂದ ಹಣವನ್ನು ಹಿಂದಿರುಗಿಸಿದ್ದೇವೆ’ ಎಂದು ಒಂದು ಎಸ್‌ಎಂಎಸ್ ಕಳಿಸಲು ಖರ್ಚೆಷ್ಟು? ಹಣಕ್ಕೆ ಗಡುವು ಹಾಕಿದ ರಿಸರ್ವ್ ಬ್ಯಾಂಕ್ ಈ ಸಂದೇಶವನ್ನೂ ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ನಮ್ಮ ಎಚ್ಚರ ನಮಗಿರಲಿ. ಖಾತೆ ಮುಚ್ಚುವ ಮುನ್ನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು, ಯಾರ್ಯಾರು ಹಣ ಹಾಕಿದ್ದಾರೆ, ಯಾವ ಕಂತು ಕಡಿತವಾಗಿದೆ ನೋಡಿ, ಅವರಿಗೆಲ್ಲ ಹೊಸ ಖಾತೆ ತಿಳಿಸಿ. ತೆರಿಗೆ ರೀಫಂಡ್ ಮರಳಿದ್ದರೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹೊಸ ಖಾತೆ ದೃಢೀಕರಿಸಿ ಮತ್ತೆ ಕೇಳಬಹುದು. ಡಿವಿಡೆಂಡ್ 7 ವರ್ಷ ಹಾಗೇ ಉಳಿದರೆ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಅಲ್ಲಿಂದ ಪಡೆಯಲು ಮತ್ತೆ ಅರ್ಜಿ, ದಾಖಲೆಗಳ ಓಡಾಟ. ಊರಿನಲ್ಲಿರುವ ಅಪ್ಪ-ಅಮ್ಮನ ಹಳೆಯ ಖಾತೆ ಮುಚ್ಚುವಾಗಲೂ ಈ ಪಟ್ಟಿ ಮಾಡಿ. ಅವರ ಪಿಂಚಣಿ ಯಾಕೆ ಬರಲಿಲ್ಲ ಎಂದು ದೂರದ ಊರಿನಿಂದ ಫೋನಿನಲ್ಲಿ ಪತ್ತೆ ಹಚ್ಚುವುದಕ್ಕಿಂತ ಅದು ಸುಲಭ.