ಸಿ.ಐ.ಡಿ.: ಒಂದು ಸಾವು, ಒಂದು ನಿರಾಶೆ

ಕೊಲೆಯ ಕಥೆಯಾಗಿಯೂ ಮನೆಮಂದಿಯೆಲ್ಲ ಕೂಡಿ ಕುಳಿತು ಸಂಕೋಚವಿಲ್ಲದೆ ನೋಡಬಹುದಾದ ಧಾರಾವಾಹಿಗಳು ವಿರಳ. ಸೋನಿ ವಾಹಿನಿಯ ಹಿಂದಿ ಧಾರಾವಾಹಿ ‘ಸಿ.ಐ.ಡಿ.’ ಅಂತಹವುಗಳಲ್ಲಿ ಒಂದು. ಬಿ.ಪಿ. ಸಿಂಗ್ ಅವರ ಕಲ್ಪನೆಯಲ್ಲಿ ಮೂಡಿದ ಅದು 1998ರ ಜನವರಿಯಲ್ಲಿ ಆರಂಭವಾಗಿ, 2018ರ ಅಕ್ಟೋಬರ್ ತಿಂಗಳಲ್ಲಿ ನಿಲ್ಲುವ ಹೊತ್ತಿಗೆ ಸಾವಿರದ ಐನೂರಕ್ಕೂ ಮಿಕ್ಕಿದ ಕಂತುಗಳನ್ನು ಕಂಡಿತ್ತು. ಆರು ವರ್ಷಗಳ ಮೌನದ ಬಳಿಕ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಗೆ ಬಂದಿತು. ಹಿಂದಿ ಅಷ್ಟಾಗಿ ಬಾರದ ಕನ್ನಡದ ಮನೆಗಳಲ್ಲಿಯೂ ಎ.ಸಿ.ಪಿ. ಪ್ರದ್ಯುಮನ್, ಅಭಿಜಿತ್, ದಯಾ ಎಂಬ ಹೆಸರುಗಳು ಪರಿಚಿತ. ಬಾಗಿಲು ಒಡೆಯುವ ದಯಾನ ಪಾತ್ರಧಾರಿ ದಯಾನಂದ ಶೆಟ್ಟಿಯವರು ನಮ್ಮ ಕರಾವಳಿ ಮೂಲದವರೆಂಬುದು ಆ ಸಲಿಗೆಗೆ ಇನ್ನೊಂದು ಕಾರಣ.

ಇಂತಹ ಧಾರಾವಾಹಿ 2025ರ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ತನ್ನ ವೀಕ್ಷಕರನ್ನು ನೋಯಿಸಿತು. ತಿಗ್ಮಾಂಶು ಧೂಲಿಯಾ ಅಭಿನಯಿಸಿದ ಬಾರ್ಬೋಸಾ ಎಂಬ ಖಳನು ಇಟ್ಟ ಬಾಂಬಿಗೆ ಎ.ಸಿ.ಪಿ. ಪ್ರದ್ಯುಮನ್ ಬಲಿಯಾದರೆಂದು ಕಥೆ ಸಾರಿತು. ವಾಹಿನಿಯೂ ಆ ಪಾತ್ರದ ಭಾವಚಿತ್ರದೊಡನೆ ‘1998–2025’ ಎಂಬ ಇಸವಿಗಳನ್ನು ಮುದ್ರಿಸಿ ಶ್ರದ್ಧಾಂಜಲಿಯನ್ನೇ ಪ್ರಕಟಿಸಿತು. ಮೊದಲ ಕಂತಿನಿಂದ ಆ ಪಾತ್ರಕ್ಕೆ ಜೀವ ತುಂಬಿದ ಹಿರಿಯ ನಟ ಶಿವಾಜಿ ಸಾಟಂ ಆರೋಗ್ಯವಾಗಿಯೇ ಇದ್ದರು. ಅವರ ಸ್ಥಾನಕ್ಕೆ ಹೊಸ ಎ.ಸಿ.ಪಿ.ಯಾಗಿ ಪಾರ್ಥ್ ಸಮಥಾನ್ ಬಂದರು. ಅಭಿಮಾನಿಗಳು ಬಹಿರಂಗವಾಗಿಯೇ ಆಕ್ರೋಶ ವ್ಯಕ್ತಪಡಿಸಿದರು.

ಈ ಬೇಸರ ಕೇವಲ ಮೋಹದಿಂದ ಹುಟ್ಟಿದ್ದೆಂದು ತಳ್ಳಿಹಾಕಲಾಗದು. ಪಾತ್ರಗಳು ಸಾಯಬಾರದೆಂಬ ನಿಯಮವೇನೂ ಇಲ್ಲ. ಇದೇ ಪ್ರದ್ಯುಮನ್, ಅಪರಾಧದ ಹಾದಿ ಹಿಡಿದ ತನ್ನ ಸ್ವಂತ ಮಗ ನಕುಲನನ್ನು ಗುಂಡಿಟ್ಟು ಕೊಂದ ಕಥೆ ಹಿಂದೆ ಬಂದಿತ್ತು. ಕರ್ತವ್ಯ ಹಾಗೂ ಕರುಳಿನ ನಡುವಿನ ಆ ಸಂಕಟದ ಎದುರು ನೋಡುವವರು ಮೂಕರಾಗುವಂತಿತ್ತು. ಆ ಸಾವಿಗೆ ಕಾರಣವಿತ್ತು, ಅರ್ಥವಿತ್ತು, ಅದನ್ನು ಹೊತ್ತು ಬದುಕಬೇಕಾದ ತಂದೆಯೊಬ್ಬನಿದ್ದನು. ಈ ಬಾಂಬಿನ ಸಾವಿಗೆ ಅಂತಹ ತೂಕ ದೊರೆಯಲಿಲ್ಲ. ಬೆಚ್ಚಿಬೀಳಿಸುವುದೇ ಅದರ ಮುಖ್ಯ ಉದ್ದೇಶವಾಗಿ ಕಂಡಿತು.

ಅಬ್ಬರವಿಲ್ಲದೆಯೂ ಬೆರಗು ಮೂಡಿಸುವ ಶಕ್ತಿ ಈ ತಂಡಕ್ಕೆ ಇಲ್ಲದಿರಲಿಲ್ಲ. 2004ರಲ್ಲಿ 111 ನಿಮಿಷಗಳ ಕಂತೊಂದನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿ ದಾಖಲೆ ನಿರ್ಮಿಸಿದವರು ಇವರೇ. ವಾರ ವಾರವೂ ಡಾ. ಸಾಳುಂಕೆಯ ಪ್ರಯೋಗಾಲಯದಲ್ಲಿ ಒಂದು ಕೂದಲೆಳೆ, ಒಂದು ರಕ್ತದ ಕಲೆ ಸತ್ಯವನ್ನು ನುಡಿಯುತ್ತಿತ್ತು. ಅಲ್ಲಿನ ವಿಜ್ಞಾನದಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ಯಾರ ಸಾವೂ ಲೆಕ್ಕಕ್ಕಿಲ್ಲದ್ದಲ್ಲ, ಪ್ರತಿಯೊಂದು ಸಾವಿಗೂ ಉತ್ತರ ಹೇಳಬೇಕಾದವರು ಇದ್ದಾರೆ ಎಂಬ ಪಾಠವನ್ನು ಎಳೆಯರು ಅಲ್ಲಿಂದ ಪಡೆಯಬಹುದಾಗಿತ್ತು. ಆ ಪಾಠವನ್ನು ಕಲಿಸಿದ ಪಾತ್ರದ ಸಾವನ್ನೇ ಜಾಹೀರಾತಿನ ಸರಕನ್ನಾಗಿ ಮಾಡಿದ್ದು ಸರಿಯೆನಿಸಲಿಲ್ಲ.

ನಿಜವಾದ ಅಗಲಿಕೆ ಎಂತಹುದೆಂಬುದು ಆ ತಂಡಕ್ಕೆ ತಿಳಿಯದ್ದಲ್ಲ. ಫ್ರೆಡರಿಕ್ಸ್ ಪಾತ್ರದಿಂದ ಮಕ್ಕಳನ್ನೂ ಮುದುಕರನ್ನೂ ನಗಿಸಿದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಧಾರಾವಾಹಿ ಮರಳಿ ಬಂದಾಗ ಆ ನಗುಮುಖ ಅದರಲ್ಲಿರಲಿಲ್ಲ. ಯಾವ ಕಥೆಗಾರನ ಲೇಖನಿಯೂ ಅದನ್ನು ಹಿಂದಕ್ಕೆ ಕರೆತರಲಾರದು. ಪ್ರದ್ಯುಮನ್ ಪಾತ್ರವಾದರೋ ಹೆಚ್ಚು ಕಾಲ ಕಳೆಯುವ ಮೊದಲೇ ಕಥೆಯೊಳಗೆ ಮರಳಿ ಬಂದಿತು. ಅಭಿಮಾನಿಗಳಿಗೆ ಸಂತೋಷವೇನೋ ಆಯಿತು. ಆದರೆ ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತಿರುವುದೇ. ಒಮ್ಮೆ ಸುಳ್ಳಾಗಿ ಅಳಿಸಿದವರು ನಾಳೆ ನಿಜವಾಗಿ ಅಳಿಸಬೇಕಾದಾಗ ನೋಡುವವರ ಕಣ್ಣು ಒದ್ದೆಯಾಗುವುದೇ?

ವಾಹಿನಿಗಳಿಗೆ ವೀಕ್ಷಕರ ಸಂಖ್ಯೆ ಬೇಕು. ಅದು ಅವರ ವ್ಯಾಪಾರಧರ್ಮ. ಇಪ್ಪತ್ತೇಳು ವರ್ಷಗಳ ನಂಬಿಕೆಯೂ ಒಂದು ಬಂಡವಾಳವೇ ಎಂಬುದನ್ನು ಅವರು ಮರೆಯಬಾರದು. ಇತ್ತ ಮನೆಯ ಹಿರಿಯರದೂ ಒಂದು ಹೊಣೆಯಿದೆ. ಇಂತಹ ಕಂತನ್ನು ಕಂಡು ಮಗುವೊಂದು ‘ಅಜ್ಜಾ, ಸತ್ತವರು ಮುಂದಿನ ವಾರ ಬರುತ್ತಾರಲ್ಲವೇ?’ ಎಂದು ಕೇಳಿದರೆ ಗದರಿಸಿ ಸುಮ್ಮನಾಗಿಸದಿರೋಣ. ದೂರದರ್ಶನದ ಪೆಟ್ಟಿಗೆಯನ್ನು ಒಂದು ಗಳಿಗೆ ಆರಿಸಿ, ಆಟದ ಸಾವಿಗೂ ಬಾಳಿನ ಸಾವಿಗೂ ಇರುವ ಅಂತರವನ್ನು ಮೆಲುದನಿಯಲ್ಲಿ ತಿಳಿಸೋಣ. ಆ ಕಂತು ಹೇಳದೆ ಬಿಟ್ಟ ಮಾತು ಅದು; ಅದನ್ನು ಹೇಳುವ ಕೆಲಸ ಈಗ ಮನೆಯ ಹಿರಿಯರಿಗೆ ಉಳಿದಿದೆ.